ಊರಿಗೊಂದು ಬಾಡಿಗೆ, ರಾಜ್ಯಕ್ಕೊಂದೇ ಗೌರವಧನ: ವಾಣಿಜ್ಯ ಅಧ್ಯಾಪಕರ ಸಂಬಳದ ಪ್ರಶ್ನೆ

ಬೆಂಗಳೂರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ಕಾಸ್ಟ್ ಅಕೌಂಟಿಂಗ್ ಹೇಳಿಕೊಡುವ ಕಾಯಂ ಸಹಾಯಕ ಪ್ರಾಧ್ಯಾಪಕರಿಗೂ ಸಿಂಧನೂರಿನಲ್ಲಿ ಅದನ್ನೇ ಹೇಳಿಕೊಡುವ ಕಾಯಂ ಸಹಾಯಕ ಪ್ರಾಧ್ಯಾಪಕರಿಗೂ ಮೂಲ ವೇತನದ ಶ್ರೇಣಿ ಒಂದೇ. ಊರಿನ ದುಬಾರಿಗೆ ತಕ್ಕಂತೆ ಬದಲಾಗುವುದು ಮುಖ್ಯವಾಗಿ ಮನೆ ಬಾಡಿಗೆ ಭತ್ಯೆ. ಅದೇ ಎರಡು ಕಾಲೇಜುಗಳಲ್ಲಿ ಅದೇ ಪಾಠ ಮಾಡುವ ಅತಿಥಿ ಉಪನ್ಯಾಸಕರ ವಿಷಯದಲ್ಲಿ ಆ ಸಣ್ಣ ವ್ಯತ್ಯಾಸವೂ ಇಲ್ಲ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಗದಿಪಡಿಸಿದ ದರದಂತೆ, ಯುಜಿಸಿ ಅರ್ಹತೆಯೂ 5 ವರ್ಷಕ್ಕೆ ಮೇಲ್ಪಟ್ಟ ಅನುಭವವೂ ಇದ್ದವರಿಗೆ ತಿಂಗಳಿಗೆ 32,000 ರೂ. ಇತ್ತು. ಯಶವಂತಪುರದಲ್ಲಿ ಬಾಡಿಗೆ ಕಟ್ಟುವವರಿಗೂ ಅಷ್ಟೇ, ಯಾದಗಿರಿಯಲ್ಲಿ ಸ್ವಂತ ಮನೆಯಿಂದ ನಡೆದು ಬರುವವರಿಗೂ ಅಷ್ಟೇ. ಸಂಬಳ ಊರಿನ ಖರ್ಚನ್ನು ಹಿಂಬಾಲಿಸಬೇಕೇ, ಹಿಂಬಾಲಿಸುವುದಾದರೆ ಯಾವ ಅಳತೆಯಲ್ಲಿ ಎಂಬುದು ಹಳೆಯ ಪ್ರಶ್ನೆ. ನಮ್ಮ ಪದವಿ ಕಾಲೇಜುಗಳಲ್ಲಿ ಅದಕ್ಕೆ ಒಂದೇ ಕಟ್ಟಡದೊಳಗೆ ಎರಡು ಉತ್ತರಗಳು ಚಾಲ್ತಿಯಲ್ಲಿವೆ.

ವಾಣಿಜ್ಯ ಮತ್ತು ಮ್ಯಾನೇಜ್‌ಮೆಂಟ್ ಅಧ್ಯಾಪಕರನ್ನೇ ಇಲ್ಲಿ ಮುಂದಿಟ್ಟುಕೊಳ್ಳಲು ಕಾರಣವಿದೆ. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ 2021-22ರ ವರದಿಯಂತೆ ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಶೇ 13.3ರಷ್ಟು ಮಂದಿ ವಾಣಿಜ್ಯದಲ್ಲಿದ್ದಾರೆ. ಕಲಾ ಮತ್ತು ವಿಜ್ಞಾನದ ನಂತರ ಬರುವ ದೊಡ್ಡ ಗುಂಪು ಇದು. ಇವರಿಗೆ ಪಾಠ ಹೇಳುವವರ ಕೈಯಲ್ಲಿರುವ ವಿದ್ಯೆಗೆ ಕಾಲೇಜಿನ ಗೇಟಿನ ಹೊರಗೂ ಗಿರಾಕಿಗಳಿದ್ದಾರೆ. ಆಡಿಟರ್ ಕಚೇರಿ, ಜಿಎಸ್‌ಟಿ ರಿಟರ್ನ್ ಕೆಲಸ, ಸಿಎ ಕೋಚಿಂಗ್, ಬಹುರಾಷ್ಟ್ರೀಯ ಕಂಪನಿಗಳ ಲೆಕ್ಕಪತ್ರ ವಿಭಾಗ, ಎಲ್ಲೆಡೆ ಆ ವಿದ್ಯೆಗೆ ಬೆಲೆ ಉಂಟು. ಆ ಬೆಲೆ ಊರಿಂದೂರಿಗೆ ಬದಲಾಗುತ್ತದೆ. ಹಾಗಾಗಿ ಊರಿನ ಬಾಡಿಗೆ ಮತ್ತು ಊರಿನ ಅವಕಾಶ ಎರಡೂ ಸಂಬಳವನ್ನು ಹೇಗೆ ಎಳೆದಾಡುತ್ತವೆ ಎಂಬುದು ಇತಿಹಾಸದ ಅಧ್ಯಾಪಕರಿಗಿಂತ ವಾಣಿಜ್ಯದ ಅಧ್ಯಾಪಕರಲ್ಲಿ ನಿಚ್ಚಳವಾಗಿ ಕಾಣುತ್ತದೆ. ಈ ಚರ್ಚೆಯಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಕಲಸಿಹೋಗಿವೆ: ಊರಿನ ಬೆಲೆ, ಊರಿನ ಅವಕಾಶ, ಊರಿನ ಕಷ್ಟ. ಮೂರನ್ನೂ ಒಂದೇ ಶೇಕಡಾ ದರದಲ್ಲಿ ತೂಗಲು ಹೊರಟಿದ್ದರಿಂದ ಯಾವುದೂ ಸರಿಯಾಗಿ ತೂಗಿಲ್ಲ. ತೂಗಿದಷ್ಟೂ ಕೆಳಗಿನವರಿಗೆ ತಲುಪಿಲ್ಲ.

ಯುದ್ಧಕಾಲದ ಭತ್ಯೆಯಿಂದ ರಾಷ್ಟ್ರೀಯ ಶ್ರೇಣಿಯವರೆಗೆ

ತುಟ್ಟಿಭತ್ಯೆ ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕಾಳಿನ ಬೆಲೆ ಗಗನಕ್ಕೇರಿದಾಗ. ಆಗ ಅದಕ್ಕೆ ಧಾನ್ಯದ ತುಟ್ಟಿಗೆ ಕೊಡುವ ಭತ್ಯೆ ಎಂಬರ್ಥದ ಹೆಸರೇ ಇತ್ತು. 1946ರ ಮೊದಲ ಕೇಂದ್ರ ವೇತನ ಆಯೋಗ ಬದುಕಲು ಸಾಕಾಗುವ ವೇತನದ ವಿಚಾರವನ್ನು ಎತ್ತಿಕೊಂಡಿತು. 1957ರ ಹದಿನೈದನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಪೌಷ್ಟಿಕತೆಯ ತಜ್ಞ ವಾಲೇಸ್ ಅಕ್ರಾಯ್ಡ್ ಅವರ ಆಹಾರ ಲೆಕ್ಕವನ್ನು ಆಧಾರವಾಗಿಟ್ಟುಕೊಂಡು ಅಗತ್ಯ ಆಧಾರಿತ ಕನಿಷ್ಠ ವೇತನದ ಸೂತ್ರ ಕಟ್ಟಿತು. ಏಳನೆಯ ವೇತನ ಆಯೋಗ 18,000 ರೂಪಾಯಿಯ ಕನಿಷ್ಠ ವೇತನಕ್ಕೆ ಬಂದದ್ದೂ ಅದೇ ದಾರಿಯಲ್ಲಿ. ಹೀಗೆ ಸರ್ಕಾರಿ ಸಂಬಳದ ತಳಪಾಯದಲ್ಲಿ ಮೊದಲಿನಿಂದಲೂ ಒಂದು ಕುಟುಂಬದ ಊಟ, ಬಟ್ಟೆ, ಸೂರು ಇವೆ. ಆದರೆ ಆ ಕುಟುಂಬ ಯಾವ ಊರಿನದು ಎಂಬ ಪ್ರಶ್ನೆ ಅಂಚಿನಲ್ಲೇ ಉಳಿಯಿತು.

ಕಾಲೇಜು ಅಧ್ಯಾಪಕರ ಕಥೆ ಬೇರೆ ಹಾದಿ ಹಿಡಿಯಿತು. 1964-66ರ ಕೊಠಾರಿ ಆಯೋಗ ಶಾಲಾ ಶಿಕ್ಷಕರ ವಿಷಯದಲ್ಲಿ ಎರಡು ಮಾತು ಹೇಳಿತ್ತು. ಕೇಂದ್ರ ಒಂದು ಕನಿಷ್ಠ ಶ್ರೇಣಿ ಗೊತ್ತುಮಾಡಲಿ, ರಾಜ್ಯಗಳು ಸ್ಥಳೀಯ ಪರಿಸ್ಥಿತಿಗೆ ಹೊಂದುವಂತೆ ಅಷ್ಟೇ ಅಥವಾ ಅದಕ್ಕಿಂತ ಹೆಚ್ಚು ಕೊಡಲಿ ಎಂಬುದು ಒಂದು. ಸರ್ಕಾರಿ, ಸ್ಥಳೀಯ ಸಂಸ್ಥೆ, ಖಾಸಗಿ ಎಂಬ ಭೇದವಿಲ್ಲದೆ ಒಂದೇ ದರ್ಜೆಯವರಿಗೆ ಒಂದೇ ಸಂಬಳವಿರಲಿ ಎಂಬುದು ಇನ್ನೊಂದು. ಕಾಲೇಜುಗಳಲ್ಲಿ ಯುಜಿಸಿ ಶ್ರೇಣಿಗಳು ಎರಡನೆಯ ಮಾತಿನ ಆಶಯವನ್ನು ಬಹುಮಟ್ಟಿಗೆ ಎತ್ತಿಹಿಡಿದವು. ಮೊದಲಿನದರಲ್ಲಿದ್ದ ಸ್ಥಳೀಯತೆ ಹಿಂದೆ ಬಿತ್ತು. 1973ರಲ್ಲಿ ಉಪನ್ಯಾಸಕರಿಗೆ 700-1,600, 1986ರಲ್ಲಿ 2,200-4,000, 1996ರಲ್ಲಿ 8,000-13,500, 2006ರಲ್ಲಿ 15,600-39,100ರ ಪಟ್ಟಿಯ ಮೇಲೆ 6,000ದ ಗ್ರೇಡ್ ಪೇ, 2016ರಿಂದ ಆರಂಭಿಕ ಮೂಲ ವೇತನ 57,700. ಈ ಶ್ರೇಣಿ ಜಾರಿಯಾದ ಕಾಲೇಜು ದೇಶದ ಯಾವ ಮೂಲೆಯಲ್ಲಿದ್ದರೂ ಆರಂಭದ ಅಂಕಿ ಒಂದೇ. ಇದು ಸಣ್ಣ ಸಾಧನೆಯಲ್ಲ. ಊರಿನ ಧನಿಕರ ಆಡಳಿತ ಮಂಡಳಿಯ ಮರ್ಜಿಗೆ ಬಿಟ್ಟಿದ್ದ ಸಂಬಳವನ್ನು ಹಕ್ಕಾಗಿ ಮಾಡಿದ್ದು ಈ ಏಕರೂಪತೆಯೇ. ಅದನ್ನು ಪ್ರಶ್ನಿಸುವವರು ಮೊದಲು ಇಷ್ಟನ್ನು ಒಪ್ಪಿಕೊಂಡು ಮುಂದೆ ಮಾತಾಡಬೇಕು.

ಹೊರದೇಶಗಳಲ್ಲಿ ಎರಡು ಮಾದರಿಗಳು ಬೆಳೆದವು. ಬ್ರಿಟನ್ನಿನ ಸಾರ್ವಜನಿಕ ಸೇವೆಯಲ್ಲಿ ಲಂಡನ್ನಿನಲ್ಲಿ ದುಡಿಯುವವರಿಗೆ ‘ಲಂಡನ್ ವೇಟಿಂಗ್’ ಎಂಬ ಹೆಚ್ಚುವರಿ ಭತ್ಯೆ ಬಹಳ ಕಾಲದಿಂದ ಇದೆ. ಅಲ್ಲಿನ ವಿಶ್ವವಿದ್ಯಾಲಯಗಳೂ ಅದನ್ನು ಕೊಡುತ್ತವೆ. ಅಮೆರಿಕ 1990ರಲ್ಲಿ ಕಾನೂನು ಮಾಡಿ 1994ರಿಂದ ತನ್ನ ಕೇಂದ್ರ ನೌಕರರಿಗೆ ಪ್ರದೇಶವಾರು ವೇತನ ಕೊಡತೊಡಗಿತು. ಅಮೆರಿಕದ ಆ ವ್ಯವಸ್ಥೆ ಬದುಕಿನ ವೆಚ್ಚವನ್ನು ಅಳೆಯುವುದೇ ಇಲ್ಲ. ಆ ಪ್ರದೇಶದಲ್ಲಿ ಅಂಥದೇ ಕೆಲಸಕ್ಕೆ ಹೊರಗಿನವರು ಎಷ್ಟು ಕೊಡುತ್ತಾರೆ ಎಂಬುದನ್ನು ಅಳೆಯುತ್ತದೆ. ಒಂದು ಮಾದರಿ ಊರಿನ ಬೆಲೆಗೆ ಪರಿಹಾರ, ಇನ್ನೊಂದು ಊರಿನ ಪೈಪೋಟಿಗೆ ಉತ್ತರ. ನಮ್ಮಲ್ಲಿ ಈ ಎರಡನ್ನೂ ‘ನಗರ ದುಬಾರಿ’ ಎಂಬ ಒಂದೇ ಮಾತಿನಲ್ಲಿ ಹೇಳಿಬಿಡುವುದು ರೂಢಿ.

ಎರಡು ಅಳತೆಗೋಲು, ಎರಡೂ ಊರನ್ನು ಅಳೆಯುವುದಿಲ್ಲ

ತುಟ್ಟಿಭತ್ಯೆಯಿಂದ ಬೆಲೆ ಏರಿಕೆಗೆ ಪರಿಹಾರ ಸಿಗುತ್ತದೆಯಲ್ಲ ಎಂಬುದು ಸಾಮಾನ್ಯ ಉತ್ತರ. ಸಿಗುತ್ತದೆ, ಆದರೆ ಅದು ಕಾಲದ ಏರಿಕೆಗೆ. ಕೇಂದ್ರದ ತುಟ್ಟಿಭತ್ಯೆಗೆ ಆಧಾರವಾದ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವನ್ನು ಲೇಬರ್ ಬ್ಯೂರೊ ದೇಶದ 88 ಕೇಂದ್ರಗಳ ಬೆಲೆಗಳಿಂದ ಕಟ್ಟುತ್ತದೆ. 2016 ಅದರ ಆಧಾರ ವರ್ಷ. ಪ್ರತಿ ಕೇಂದ್ರಕ್ಕೂ ಆ ವರ್ಷದ ಬೆಲೆ 100. ಅಂದರೆ 2016ರಲ್ಲಿ ಬೆಂಗಳೂರು ಬೆಳಗಾವಿಗಿಂತ ಎಷ್ಟು ದುಬಾರಿ ಇತ್ತು ಎಂಬುದನ್ನು ಈ ಸೂಚ್ಯಂಕ ಹುಟ್ಟುವಾಗಲೇ ಅಳಿಸಿಹಾಕಿರುತ್ತದೆ. ಆಮೇಲೆ ಯಾವುದು ಎಷ್ಟು ಏರಿತು ಎಂಬುದಷ್ಟೇ ಅದಕ್ಕೆ ಗೊತ್ತು, ಅದೂ ಭತ್ಯೆಗೆ ಬರುವಾಗ ಇಡೀ ದೇಶದ ಸರಾಸರಿಯಾಗಿ. ಸೂಚ್ಯಂಕದಲ್ಲಿ ವಸತಿಗೆ ಕೊಟ್ಟ ತೂಕ ಶೇ 16.87. ಮಹಾನಗರದಲ್ಲಿ ಬಾಡಿಗೆಗಿರುವ ಕಡಿಮೆ ಸಂಬಳದವರ ಖರ್ಚಿನ ಹಂಚಿಕೆ ಇದಕ್ಕೆ ಹೊಂದುವುದು ಕಷ್ಟ.

ಊರಿನ ಹೊರೆಯೆಲ್ಲ ಹೀಗೆ ಮನೆ ಬಾಡಿಗೆ ಭತ್ಯೆಯ ಮೇಲೆ ಬೀಳುತ್ತದೆ. ಆ ಭತ್ಯೆ ಬಾಡಿಗೆಯನ್ನು ನೋಡದೆ ಜನಸಂಖ್ಯೆಯನ್ನು ನೋಡುತ್ತದೆ. ಕೇಂದ್ರದ ಪಟ್ಟಿಯಲ್ಲಿ 50 ಲಕ್ಷ ಮೀರಿದ ನಗರಗಳು ಎಕ್ಸ್, 5ರಿಂದ 50 ಲಕ್ಷದವು ವೈ, ಉಳಿದೆಲ್ಲ ಝೆಡ್. ಕರ್ನಾಟಕದಲ್ಲಿ ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ವೈ. 2011ರ ಜನಗಣತಿಯಲ್ಲಿ 4 ಲಕ್ಷ ದಾಟಿಯೂ 5 ಲಕ್ಷ ಮುಟ್ಟದ ಬಳ್ಳಾರಿ, ದಾವಣಗೆರೆ ಹಳ್ಳಿಗಳ ಜತೆ ಝೆಡ್ ಸಾಲಿನಲ್ಲಿವೆ. ಪ್ರವಾಸಿಗರಿಂದ ಬಾಡಿಗೆ ಏರಿದ ಮಡಿಕೇರಿ, ಹೊರಗಿನ ವಿದ್ಯಾರ್ಥಿಗಳಿಂದ ಬಾಡಿಗೆ ಏರಿದ ಉಡುಪಿ-ಮಣಿಪಾಲ ಕೂಡ ಅಲ್ಲಿಯೇ. 2021ರಲ್ಲಿ ಆಗಬೇಕಿದ್ದ ಜನಗಣತಿ ನಡೆಯದೆ 2027ಕ್ಕೆ ಜಾರಿದ್ದರಿಂದ ಈ ವಿಂಗಡಣೆ ಹಳೆಯ ತಲೆಯೆಣಿಕೆಯ ಮೇಲೆಯೇ ನಿಂತಿದೆ. ತೆರಿಗೆಯ ಲೆಕ್ಕ ಇನ್ನೂ ವಿಚಿತ್ರವಾಗಿತ್ತು. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಬಾಡಿಗೆ ಭತ್ಯೆಯ ವಿನಾಯಿತಿಗೆ ಸಂಬಳದ ಶೇ 50ರ ಮಿತಿ ಮುಂಬೈ, ದೆಹಲಿ, ಕೋಲ್ಕತ್ತ, ಚೆನ್ನೈಗಳಿಗೆ ಮಾತ್ರ ಇತ್ತು. ಬೆಂಗಳೂರಿಗೆ ಶೇ 40 ಇತ್ತು. ಭತ್ಯೆ ಕೊಡುವಾಗ ಮಹಾನಗರವಾದ ಊರು ತೆರಿಗೆ ಹಾಕುವಾಗ ಮಹಾನಗರವಾಗಿರಲಿಲ್ಲ.

ರಾಜ್ಯದ ದರಗಳು ಬೇರೆಯಾದರೂ ಚೌಕಟ್ಟು ಅದೇ ಆದ್ದರಿಂದ ಕೇಂದ್ರದ ಸೂತ್ರವನ್ನೇ ಹಿಡಿದು ಲೆಕ್ಕ ಹಾಕೋಣ. ತುಟ್ಟಿಭತ್ಯೆ ಶೇ 50 ತಲುಪಿದಾಗ ಬಾಡಿಗೆ ಭತ್ಯೆ ಎಕ್ಸ್ ನಗರಕ್ಕೆ ಶೇ 30, ಝೆಡ್ ಊರಿಗೆ ಶೇ 10. ಮೂಲ ವೇತನ 57,700 ಇರುವ ಸಹಾಯಕ ಪ್ರಾಧ್ಯಾಪಕರಿಗೆ, ಸಾರಿಗೆ ಭತ್ಯೆ ಬಿಟ್ಟು, ಎಕ್ಸ್ ನಗರದಲ್ಲಿ 1,03,860 ರೂ., ಝೆಡ್ ಊರಿನಲ್ಲಿ 92,320 ರೂ. ಅಂದರೆ ಮಹಾನಗರ ತಾಲ್ಲೂಕು ಊರಿಗಿಂತ ಶೇ 12.5ರಷ್ಟು ದುಬಾರಿ ಎಂದು ಸರ್ಕಾರ ಬಾಯಿಬಿಟ್ಟು ಹೇಳದೆಯೇ ಒಪ್ಪಿಕೊಂಡಂತಾಯಿತು. ಬಾಡಿಗೆ ಭತ್ಯೆ ಮೂಲ ವೇತನದ ಮೇಲೆ ಮಾತ್ರ ಬರುವುದರಿಂದ ತುಟ್ಟಿಭತ್ಯೆ ಏರಿದಂತೆಲ್ಲ ಈ ಅಂತರ ಕುಗ್ಗುತ್ತದೆ. ವೇತನ ಪರಿಷ್ಕರಣೆಯ ಮೊದಲ ದಿನ, ತುಟ್ಟಿಭತ್ಯೆ ಸೊನ್ನೆಯಾಗಿ ಬಾಡಿಗೆ ಭತ್ಯೆ ಶೇ 24 ಮತ್ತು 8 ಇದ್ದಾಗ, ಇದೇ ಅಂತರ ಸುಮಾರು ಶೇ 15 ಇತ್ತು. ಊರುಗಳ ನಡುವಣ ಬಾಡಿಗೆಯ ಅಂತರಕ್ಕೂ ಈ ಏರಿಳಿತಕ್ಕೂ ಯಾವ ಸಂಬಂಧವೂ ಇಲ್ಲ.

ನಿಜವಾದ ಅಂತರ ಎಷ್ಟು? ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ. 2022-23ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ತಲಾ ಮಾಸಿಕ ವೆಚ್ಚ ಗ್ರಾಮಗಳಲ್ಲಿ 3,773 ರೂ., ನಗರಗಳಲ್ಲಿ 6,459 ರೂ. ಇದನ್ನು ತೋರಿಸಿ ನಗರ ಶೇ 71ರಷ್ಟು ದುಬಾರಿ ಎನ್ನುವವರಿದ್ದಾರೆ. ನಗರದವರು ಹೆಚ್ಚು ಖರ್ಚು ಮಾಡುವುದು ಬೆಲೆ ಹೆಚ್ಚಿರುವುದರಿಂದ ಮಾತ್ರವಲ್ಲ, ಹೆಚ್ಚು ಕೊಳ್ಳುವುದರಿಂದಲೂ ಹೌದು; ಖರ್ಚನ್ನು ಬೆಲೆ ಎಂದು ಓದಬಾರದು. ತೆಂಡೂಲ್ಕರ್ ವಿಧಾನದ ಬಡತನ ರೇಖೆ ಇದಕ್ಕಿಂತ ಹತ್ತಿರದ ಅಳತೆ, ಏಕೆಂದರೆ ಅದು ಒಂದೇ ಬದುಕಿನ ಮಟ್ಟಕ್ಕೆ ಎರಡು ಕಡೆ ಎಷ್ಟು ಬೇಕು ಎಂದು ಕೇಳುತ್ತದೆ. 2011-12ರಲ್ಲಿ ಕರ್ನಾಟಕಕ್ಕೆ ಅದು ಗ್ರಾಮದಲ್ಲಿ 902 ರೂ., ನಗರದಲ್ಲಿ 1,089 ರೂ. ಅಂತರ ಸುಮಾರು ಶೇ 21. ಇದು ಬಡವರ ಬುಟ್ಟಿ, ರಾಜ್ಯದ ಎಲ್ಲ ಪಟ್ಟಣಗಳ ಸರಾಸರಿ. ಬೆಂಗಳೂರೊಂದನ್ನೇ ತೆಗೆದುಕೊಂಡರೆ ಅಂತರ ಇನ್ನೂ ಹೆಚ್ಚುತ್ತದೆ ಎಂದು ಊಹಿಸಲು ಕಾರಣವಿದೆ. ಶೇ 12.5ರ ಭತ್ಯೆ ಕನಿಷ್ಠ ಅಂದಾಜಿನ ಹತ್ತಿರವೂ ಬರುವುದಿಲ್ಲ.

ತಿಂಗಳ ಲೆಕ್ಕದಲ್ಲಿ ಕಾಣದ ಖರ್ಚುಗಳೂ ಇವೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಹಳೆಯ ರೂಢಿ; ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಸೂಚಿಸಿದ್ದು ಎರಡು ತಿಂಗಳು. ಬಾಡಿಗೆ 15,000 ಎಂದಿಟ್ಟುಕೊಂಡರೆ, 2022ರ ದರದಲ್ಲಿ 32,000 ರೂ. ಪಡೆಯುವ ಅತಿಥಿ ಉಪನ್ಯಾಸಕರು ಬೀಗದ ಕೈ ಪಡೆಯುವ ಮೊದಲೇ ಸುಮಾರು ಐದು ತಿಂಗಳ ಗೌರವಧನ ಹೊಂದಿಸಬೇಕಿತ್ತು. 2024ರ ಮಾರ್ಚಿನ ನೀರಿನ ಬರದಲ್ಲಿ ಬೆಂಗಳೂರಿನ ಆಡಳಿತ ಟ್ಯಾಂಕರ್ ದರ ಕಟ್ಟಿದಾಗಲೂ 6,000 ಲೀಟರಿಗೆ 600 ರೂ. ಇತ್ತು. 2025ರ ಫೆಬ್ರುವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ವೆಚ್ಚವನ್ನು ಇಳಿಸುವ ನೀತಿಗಳೂ ಇವೆ: 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳಾ ಉಪನ್ಯಾಸಕರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನ ಖರ್ಚು ಇಲ್ಲವಾಯಿತು. ಊರಿನ ವೆಚ್ಚ ಎಂಬುದು ಪೇಟೆಯ ಬೆಲೆಯಷ್ಟೇ ಆಗಿರದೆ, ಸಾರ್ವಜನಿಕ ಸೇವೆ ಎಲ್ಲಿ ಎಷ್ಟು ಸಿಗುತ್ತದೆ ಎಂಬುದೂ ಅದರೊಳಗೆ ಸೇರಿದೆ.

ಸಮಾನ ಕೆಲಸಕ್ಕೆ ಸಮಾನ ವೇತನ

ಸಂಬಳ ಊರಿನ ಖರ್ಚನ್ನು ಹಿಂಬಾಲಿಸಬೇಕೇ ಎಂಬುದರ ಬಗ್ಗೆ ಹಲವು ಪಂಥಗಳಿವೆ. ಮೊದಲ ಪಂಥದ ಬೇರು ನ್ಯಾಯದ ಕಲ್ಪನೆಯಲ್ಲಿದೆ. ಕೆಲಸ ಒಂದೇ ಆದರೆ ಸಂಬಳವೂ ಒಂದೇ ಇರಬೇಕು. ತಾತ್ಕಾಲಿಕ ನೌಕರರಿಗೂ ಈ ತತ್ವ ಅನ್ವಯಿಸುತ್ತದೆ ಎಂದು 2016ರಲ್ಲಿ ಸುಪ್ರೀಂ ಕೋರ್ಟ್ ಪಂಜಾಬ್ ಸರ್ಕಾರ ಮತ್ತು ಜಗಜೀತ್ ಸಿಂಗ್ ಪ್ರಕರಣದಲ್ಲಿ ಹೇಳಿತು. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ತಿಂಗಳಿಗೆ 30,000 ರೂ. ಪಡೆಯುತ್ತಿದ್ದವರಿಗೆ ವೇತನ ಶ್ರೇಣಿಯ ಕನಿಷ್ಠ ಮೊತ್ತ ಸಲ್ಲಬೇಕು ಎಂದಿತು. ಕಾಯಂ ಮತ್ತು ಅತಿಥಿ ಎಂಬ ವಿಂಗಡಣೆಯಲ್ಲಿರುವ ಅನ್ಯಾಯವನ್ನು ಈ ಪಂಥ ಬಿಡಿಸಿ ತೋರಿಸುವಷ್ಟು ಚೆನ್ನಾಗಿ ಬೇರಾವುದೂ ತೋರಿಸುವುದಿಲ್ಲ. ವರ್ಗಾವಣೆ ಇರುವ ಸೇವೆಗೆ ಒಂದೇ ಶ್ರೇಣಿ ಬೇಕೇ ಬೇಕು ಎಂಬ ಅದರ ಮಾತೂ ಗಟ್ಟಿಯಾದುದು. ಅದು ಸೋಲುವುದು ‘ಸಮಾನ’ ಎಂಬ ಪದದ ಅರ್ಥದಲ್ಲಿ. ಒಂದೇ ಮೊತ್ತ ಎರಡು ಊರಿನಲ್ಲಿ ಎರಡು ಬಗೆಯ ಬದುಕನ್ನು ಕೊಂಡುಕೊಡುವಾಗ ಸಮಾನವಾದದ್ದು ನೋಟಿನ ಎಣಿಕೆ ಮಾತ್ರ.

ಪೇಟೆ ಕೊಡುವ ಬೆಲೆ

ಎರಡನೆಯ ಪಂಥಕ್ಕೆ ಬದುಕಿನ ವೆಚ್ಚದ ಚಿಂತೆ ಕಡಿಮೆ. ಆಡಂ ಸ್ಮಿತ್ 1776ರಲ್ಲೇ ಗಮನಿಸಿದಂತೆ, ಬ್ರಿಟನ್ನಿನಲ್ಲಿ ರೊಟ್ಟಿ-ಮಾಂಸದ ಬೆಲೆ ಎಲ್ಲೆಡೆ ಹೆಚ್ಚುಕಡಿಮೆ ಒಂದೇ ಇದ್ದರೂ ದೊಡ್ಡ ಪಟ್ಟಣದ ಕೂಲಿ ಕೆಲವೇ ಮೈಲಿ ಆಚೆಗಿಂತ ಶೇ 20-25 ಹೆಚ್ಚಿತ್ತು. ಕೂಲಿಯನ್ನು ನಿರ್ಧರಿಸುವುದು ಅಲ್ಲಿನ ಬೇಡಿಕೆ. ಆ ಬೇಡಿಕೆಯನ್ನು ಲೆಕ್ಕಿಸದೆ ಏಕರೂಪ ಸಂಬಳ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಈ ಪಂಥದ ಬಳಿ ಗಂಭೀರ ಸಾಕ್ಷ್ಯವಿದೆ. ಕ್ಯಾರಲ್ ಪ್ರಾಪರ್ ಮತ್ತು ಜಾನ್ ವ್ಯಾನ್ ರೀನನ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂಗ್ಲೆಂಡಿನ ನರ್ಸುಗಳಿಗೆ ಕೇಂದ್ರ ನಿಗದಿತ ಸಂಬಳವಿದ್ದಾಗ, ಹೊರಗಿನ ಸಂಬಳ ಹೆಚ್ಚಿರುವ ಪ್ರದೇಶಗಳ ಆಸ್ಪತ್ರೆಗಳಲ್ಲಿ ಹೃದಯಾಘಾತದ ರೋಗಿಗಳ ಸಾವು ಹೆಚ್ಚಿತ್ತು. ಜ್ಯಾಕ್ ಬ್ರಿಟನ್ ಮತ್ತು ಪ್ರಾಪರ್ 2016ರಲ್ಲಿ ಇಂಗ್ಲೆಂಡಿನ ಶಾಲೆಗಳಲ್ಲೂ ಅಂಥದೇ ಫಲ ಕಂಡರು: ಶಿಕ್ಷಕರ ಸಂಬಳ ಸ್ಥಳೀಯ ಸಂಬಳಕ್ಕಿಂತ ಹಿಂದೆ ಬಿದ್ದಷ್ಟೂ ಕಲಿಕೆ ಕುಸಿದಿತ್ತು.

ಈ ಕಣ್ಣಿನಿಂದ ನೋಡಿದರೆ ಬೆಂಗಳೂರಿನ ವಾಣಿಜ್ಯ ವಿಭಾಗ ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿರಬೇಕು. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ತಿಂಗಳು ತಿಂಗಳೂ ರಿಟರ್ನ್ ಸಲ್ಲಿಸುವ ಕೆಲಸ ಬೆಳೆಯಿತು. ಬಹುರಾಷ್ಟ್ರೀಯ ಕಂಪನಿಗಳ ಜಾಗತಿಕ ಕೇಂದ್ರಗಳಿಗೆ ಬೆಂಗಳೂರೇ ದೇಶದ ದೊಡ್ಡ ನೆಲೆ. ಅಮೆರಿಕದ ವಿಶ್ವವಿದ್ಯಾಲಯಗಳು ಈ ಸೆಳೆತಕ್ಕೆ ಮಣಿದು ಬಿಸಿನೆಸ್ ಅಧ್ಯಾಪಕರಿಗೆ ಸಾಹಿತ್ಯ, ಇತಿಹಾಸದವರಿಗಿಂತ ಬಹಳ ಹೆಚ್ಚು ಕೊಡುತ್ತವೆ. ನಮ್ಮಲ್ಲಿ ವಿಷಯಭೇದವಿಲ್ಲ, ಕನ್ನಡ ಅಧ್ಯಾಪಕರಿಗೂ ವಾಣಿಜ್ಯ ಅಧ್ಯಾಪಕರಿಗೂ ಒಂದೇ ಶ್ರೇಣಿ. ಅದು ಹಾಗೆಯೇ ಇರಬೇಕು ಎಂಬುದು ನನ್ನ ಅಭಿಪ್ರಾಯ. ಪೇಟೆಯಲ್ಲಿ ಗಿರಾಕಿ ಇಲ್ಲದ ವಿದ್ಯೆಗೆ ಕಾಲೇಜಿನೊಳಗೂ ಕಡಿಮೆ ಮಾನ ಎಂದಾದರೆ ಕಾಲೇಜು ಇರುವ ಉದ್ದೇಶವೇ ಕೆಡುತ್ತದೆ. ಅಲ್ಲದೆ ಈ ಪಂಥದ ಮುನ್ಸೂಚನೆ ಇಲ್ಲಿ ಪೂರ್ತಿ ನಿಜವಾಗಿಲ್ಲ. ಪ್ರಥಮ ದರ್ಜೆ ಕಾಲೇಜುಗಳ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರ ಮಾರ್ಚಿನಲ್ಲಿ ಪರೀಕ್ಷೆ ನಡೆದಾಗ ಅಭ್ಯರ್ಥಿಗಳಿಗೆ ಬರ ಇರಲಿಲ್ಲ. ಕಾಯಂ ಸಂಬಳ ಅಂದರೆ ಜನ ಸಾಲುಗಟ್ಟುತ್ತಾರೆ. ಪೇಟೆಯ ಸೆಳೆತಕ್ಕೆ ಸಿಕ್ಕಿ ಬಿಟ್ಟುಹೋಗುವುದು ಗೌರವಧನದವರು. ಕಾಯಂ ಸಂಬಳ ಪೇಟೆಗಿಂತ ಮೇಲಿದೆ, ಗೌರವಧನ ಪೇಟೆಗಿಂತ ಕೆಳಗಿದೆ. ಸರಾಸರಿ ನೋಡಿದವರಿಗೆ ಇವೆರಡೂ ಕಾಣುವುದಿಲ್ಲ.

ದುಬಾರಿ ಊರಿಗೇ ಜನ ಯಾಕೆ ಬರುತ್ತಾರೆ

ಬೆಂಗಳೂರು ದುಬಾರಿಯಾದರೆ ವರ್ಗಾವಣೆಯ ಹೊತ್ತಿಗೆ ಎಲ್ಲರೂ ಬೆಂಗಳೂರನ್ನೇ ಏಕೆ ಕೇಳುತ್ತಾರೆ? ಈ ಪ್ರಶ್ನೆಗೆ ಒಳ್ಳೆಯ ಉತ್ತರ ಶೆರ್ವಿನ್ ರೋಸೆನ್ ಮತ್ತು ಜೆನಿಫರ್ ರೋಬ್ಯಾಕ್ ಅವರ ಸಿದ್ಧಾಂತದಲ್ಲಿದೆ. ರೋಬ್ಯಾಕ್ ಅವರ 1982ರ ಲೇಖನ ಇದರ ಮೂಲಗ್ರಂಥದಂತಿದೆ. ಬಾಡಿಗೆ ಎಂಬುದು ಊರಿನ ಅನುಕೂಲಗಳಿಗೆ ಜನ ತೆರುವ ಬೆಲೆಯೂ ಹೌದು. ಪತಿಗೋ ಪತ್ನಿಗೋ ಕೆಲಸ, ಮಕ್ಕಳಿಗೆ ಶಾಲೆ, ಹಿರಿಯರಿಗೆ ಆಸ್ಪತ್ರೆ, ಇವೆಲ್ಲ ಬಾಡಿಗೆಯೊಳಗೆ ಸೇರಿವೆ. ಹಾಗಿದ್ದ ಮೇಲೆ ಬರೀ ಬಾಡಿಗೆ ಹೆಚ್ಚು ಎಂಬ ಕಾರಣಕ್ಕೆ ಪರಿಹಾರ ಕೊಟ್ಟರೆ ಅನುಕೂಲ ಪಡೆದವರಿಗೇ ಇನ್ನಷ್ಟು ಕೊಟ್ಟಂತೆ. ಇದರ ಇನ್ನೊಂದು ಮುಖ ಉತ್ತರ ಕರ್ನಾಟಕದಲ್ಲಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವನ್ನು ಗುರುತಿಸಿತು. ಅಂಥ ಊರಿನಲ್ಲಿ ಅಕ್ಕಿ-ಬೇಳೆ, ಬಾಡಿಗೆ ಅಗ್ಗವಿರಬಹುದು. ಮಗುವಿಗೆ ಜ್ವರ ಹೆಚ್ಚಾದರೆ ಜಿಲ್ಲಾ ಕೇಂದ್ರಕ್ಕೆ ಓಡಬೇಕು. ಆ ಕಷ್ಟದ ಬೆಲೆ ಯಾವ ಸೂಚ್ಯಂಕದಲ್ಲೂ ಇಲ್ಲ.

ಈ ವಾದ ನನಗೆ ಬಹುಮಟ್ಟಿಗೆ ಒಪ್ಪಿಗೆ. ಆದರೆ ಅದು ನಿಂತಿರುವುದು ಜನ ಮನಸ್ಸಿಗೆ ಬಂದ ಊರಿಗೆ ಹೋಗಬಲ್ಲರು ಎಂಬ ನಂಬಿಕೆಯ ಮೇಲೆ. ಅತಿಥಿ ಉಪನ್ಯಾಸಕರು ಹಾಗೆ ಹೋಗಲಾರರು. ಅಂಕ ಮತ್ತು ಸೇವೆಯ ಆಧಾರದ ಕೌನ್ಸೆಲಿಂಗ್‌ನಲ್ಲಿ ಕಾರ್ಯಭಾರ ಎಲ್ಲಿ ಉಳಿದಿದೆಯೋ ಅಲ್ಲಿಗೆ ಹೋಗಬೇಕು. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದು ಅಲ್ಲೇ ತಂದೆತಾಯಿಯನ್ನು ನೋಡಿಕೊಳ್ಳುವವರಿಗೆ ಆ ಊರಿನ ಬಾಡಿಗೆ ಆಯ್ಕೆ ಮಾಡಿಕೊಂಡ ಅನುಕೂಲದ ಬೆಲೆಯಾಗಿರುವುದಿಲ್ಲ.

ಕೊಳ್ಳುವವರು ಒಬ್ಬರೇ ಆದಾಗ

ಜೋನ್ ರಾಬಿನ್ಸನ್ 1933ರಲ್ಲಿ ಅರ್ಥಶಾಸ್ತ್ರಕ್ಕೆ ತಂದ ಒಂದು ಕಲ್ಪನೆ ಗೌರವಧನದ ರಹಸ್ಯವನ್ನು ಉಳಿದವುಗಳಿಗಿಂತ ಚೆನ್ನಾಗಿ ಬಿಡಿಸುತ್ತದೆ. ದುಡಿಮೆಯನ್ನು ಕೊಳ್ಳುವವರು ಒಬ್ಬರೇ ಇದ್ದರೆ ಅವರು ಪೈಪೋಟಿಯ ಬೆಲೆಗಿಂತ ಕಡಿಮೆ ಕೊಡಬಲ್ಲರು. ತಾಲ್ಲೂಕು ಕೇಂದ್ರದಲ್ಲಿ ಒಂದು ಸರ್ಕಾರಿ, ಒಂದೆರಡು ಖಾಸಗಿ ಕಾಲೇಜುಗಳಷ್ಟೇ ಇದ್ದಾಗ ಎಂ.ಕಾಂ. ಓದಿ ಊರಲ್ಲೇ ಇರಬೇಕಾದವರಿಗೆ ಚೌಕಾಶಿಯ ಬಲವಿಲ್ಲ. ಬೆಂಗಳೂರು ನಗರ ಜಿಲ್ಲೆಯಲ್ಲಿ 2020-21ರ ಉನ್ನತ ಶಿಕ್ಷಣ ಸಮೀಕ್ಷೆಯಂತೆ 1,058 ಕಾಲೇಜುಗಳಿದ್ದವು, ದೇಶದ ಯಾವ ಜಿಲ್ಲೆಗಿಂತಲೂ ಹೆಚ್ಚು. ಅಲ್ಲಿ ಪೈಪೋಟಿ ಇರಬೇಕಿತ್ತು. ಸರ್ಕಾರ ಮಾತ್ರ ಇಡೀ ರಾಜ್ಯಕ್ಕೆ ಒಬ್ಬನೇ ಕೊಳ್ಳುವವನಂತೆ ಒಂದೇ ದರ ಕಟ್ಟುತ್ತದೆ. ಅನುದಾನರಹಿತ ಕಾಲೇಜುಗಳು ಮಾತುಕತೆಯಲ್ಲಿ ಅದನ್ನೇ ಮೂಗುದಾರವಾಗಿ ಹಿಡಿಯುತ್ತವೆ. 2022ರವರೆಗೆ ಅರ್ಹರಿಗೆ 13,000, ಇತರರಿಗೆ 11,000 ರೂಪಾಯಿಗೂ ಜನ ಸಿಗುತ್ತಿದ್ದರು. ಅಷ್ಟು ಕಡಿಮೆಗೆ ದುಡಿಸಿದ್ದು ಇಂದಲ್ಲ ನಾಳೆ ಕಾಯಂ ಆದೀತು ಎಂಬ ಆಸೆ. ಪಾಠ ಮಾಡಿದ ವರ್ಷಗಳು ಮುಂದೆ ಲೆಕ್ಕಕ್ಕೆ ಬರಬಹುದೆಂಬ ನಂಬಿಕೆಯಲ್ಲಿ ಅವರು ಸಂಬಳದ ಒಂದು ಭಾಗವನ್ನು ಮುಂಗಡವಾಗಿ ಬಿಟ್ಟುಕೊಟ್ಟಿದ್ದರು.

2022ರ ಪರಿಷ್ಕರಣೆ ದೊಡ್ಡ ಏರಿಕೆಯೇ. ಅದರೊಂದಿಗೆ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು. 2023ರ ನವೆಂಬರಿನಲ್ಲಿ ಆರಂಭವಾದ ಮುಷ್ಕರದ ನಂತರ ಸೇವಾವಧಿಗೆ ತಕ್ಕಂತೆ 5,000ದಿಂದ 8,000 ರೂ. ಹೆಚ್ಚಳ, ಆರೋಗ್ಯ ವಿಮೆ, 60 ವರ್ಷ ತಲುಪಿದವರಿಗೆ 5 ಲಕ್ಷದ ಇಡುಗಂಟು ಪ್ರಕಟವಾದವು. ಇದನ್ನು ಕಾಯಂ ನೌಕರರ ತುಟ್ಟಿಭತ್ಯೆಯ ಪಕ್ಕದಲ್ಲಿಟ್ಟು ನೋಡಬೇಕು. ಕೇಂದ್ರದ ತುಟ್ಟಿಭತ್ಯೆ 2022ರ ಜನವರಿಯಲ್ಲಿ ಶೇ 34 ಇದ್ದದ್ದು 2025ರ ಜುಲೈಗೆ ಶೇ 58 ಆಯಿತು. ಅದೇ ಪ್ರಮಾಣದಲ್ಲಿ ಏರಿದ್ದರೆ 32,000 ಸುಮಾರು 37,700 ಆಗಬೇಕಿತ್ತು. ಅಂದರೆ ಹೋರಾಡಿ ಪಡೆದ ಹೆಚ್ಚಳದ ಬಹುಭಾಗ ಕಾಯಂ ನೌಕರರಿಗೆ ವರ್ಷಕ್ಕೆರಡು ಬಾರಿ ಕೇಳದೆ ಬರುವ ಪರಿಹಾರಕ್ಕೆ ಸಮ. ಯುಜಿಸಿ 2019ರಲ್ಲಿ ಸೂಚಿಸಿದ್ದು ಒಂದು ಉಪನ್ಯಾಸಕ್ಕೆ 1,500 ರೂ., ತಿಂಗಳಿಗೆ ಗರಿಷ್ಠ 50,000 ರೂ. ಆ ಸೂಚನೆಯಲ್ಲೂ ಊರಿನ ಭೇದವಿಲ್ಲ. ಕಾಲದ ಏರಿಕೆಯೂ ಇಲ್ಲ, ಊರಿನ ಅಂತರವೂ ಇಲ್ಲ. ಎರಡು ಅಳತೆಗೋಲುಗಳೂ ತಪ್ಪಿಹೋದವರು ಇವರು.

ಆಕ್ಷೇಪಗಳು

ನನ್ನ ವಾದ ಇಷ್ಟು: ಊರಿನ ಬೆಲೆಗೆ ಪರಿಹಾರವನ್ನು ಮೇಲಿನಿಂದ ಶೇಕಡಾವಾರು ಇಳಿಸುವುದನ್ನು ಬಿಟ್ಟು ಕೆಳಗಿನಿಂದ ರೂಪಾಯಿಯಲ್ಲಿ ಕಟ್ಟಬೇಕು. ಈಗಿನ ಸೂತ್ರದಲ್ಲಿ 1,44,200 ಮೂಲ ವೇತನದ ಪ್ರಾಧ್ಯಾಪಕರಿಗೆ ಎಕ್ಸ್ ಮತ್ತು ಝೆಡ್ ಊರುಗಳ ನಡುವಣ ವ್ಯತ್ಯಾಸ 28,840 ರೂ., ಹೊಸದಾಗಿ ಸೇರಿದವರಿಗೆ 11,540 ರೂ., ಅತಿಥಿ ಉಪನ್ಯಾಸಕರಿಗೆ ಸೊನ್ನೆ. ಹಾಲಿನ ದರ ಮೂವರಿಗೂ ಒಂದೇ. ಅಳೆದ ಸ್ಥಳೀಯ ಬಾಡಿಗೆಯ ಮೇಲೆ ಎಲ್ಲರಿಗೂ ಸಮನಾದ ಒಂದು ಮೊತ್ತ, ಅದೂ ಗೌರವಧನದವರಿಂದ ಶುರುವಾಗಿ, ಸಲ್ಲಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಬೆಂಗಳೂರಿಗೆ ಇನ್ನಷ್ಟು ಕೊಟ್ಟರೆ ಕಲ್ಯಾಣ ಕರ್ನಾಟಕದ ಕಾಲೇಜುಗಳು ಇನ್ನಷ್ಟು ಬರಿದಾಗುತ್ತವೆ ಎಂಬುದು. ಆಕ್ಷೇಪ ಸರಿ, ಆದ್ದರಿಂದಲೇ ಬೆಲೆಯ ಪರಿಹಾರವನ್ನೂ ಕಷ್ಟದ ಪರಿಹಾರವನ್ನೂ ಬೇರ್ಪಡಿಸಬೇಕು. ದೂರದ ತಾಲ್ಲೂಕಿನಲ್ಲಿ ನೆಲೆಸಿ ಪಾಠ ಮಾಡುವವರಿಗೆ ಪ್ರತ್ಯೇಕ ಭತ್ಯೆ ಇದ್ದರೆ ಒಂದು ಇನ್ನೊಂದನ್ನು ನುಂಗುವುದಿಲ್ಲ. ಎರಡನೆಯದು, ಭತ್ಯೆ ಏರಿಸಿದರೆ ಮನೆ ಮಾಲೀಕರು ಬಾಡಿಗೆ ಏರಿಸುತ್ತಾರೆ ಎಂಬುದು. ಊರಿನ ಬಾಡಿಗೆದಾರರೆಲ್ಲರಿಗೂ ಕೊಟ್ಟರೆ ಹಾಗಾಗಬಹುದು. ರಾಜ್ಯದ ಅತಿಥಿ ಉಪನ್ಯಾಸಕರೆಲ್ಲ ಸೇರಿದರೂ ಹತ್ತು ಹನ್ನೊಂದು ಸಾವಿರ. ಅವರಲ್ಲಿ ಬೆಂಗಳೂರಿನಲ್ಲಿರುವವರು ಕೋಟಿ ಜನರ ನಗರದ ಬಾಡಿಗೆಯನ್ನು ಅಲುಗಿಸಲಾರರು. ಮೂರನೆಯದು ಹೆಚ್ಚು ತೂಕದ್ದು: ಸಂಬಳ ಏರಿಸಿದರೆ ಪಾಠ ಸುಧಾರಿಸುತ್ತದೆಯೇ? ಇಂಡೊನೇಷ್ಯಾದಲ್ಲಿ ಶಿಕ್ಷಕರ ಮೂಲ ವೇತನವನ್ನು ದುಪ್ಪಟ್ಟು ಮಾಡಿದಾಗ ಮಕ್ಕಳ ಕಲಿಕೆ ಹೆಚ್ಚಲಿಲ್ಲ ಎಂದು ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರ 2018ರ ಅಧ್ಯಯನ ತೋರಿಸಿತು. ಆದರೆ ಆ ಏರಿಕೆ ಆಗಲೇ ಕಾಯಂ ಸೇವೆಯಲ್ಲಿದ್ದವರಿಗೆ ಸಿಕ್ಕದ್ದು. ಅದೇ ಅಧ್ಯಯನದಲ್ಲಿ ಶಿಕ್ಷಕರ ಹಣದ ಒತ್ತಡ ಕಡಿಮೆಯಾಗಿ, ಎರಡನೆಯ ಉದ್ಯೋಗ ಹಿಡಿಯುವುದು ಇಳಿದಿತ್ತು. ಸಂಜೆ ಟ್ಯೂಷನ್, ರಾತ್ರಿ ಲೆಕ್ಕ ಬರೆಯುವ ಕೆಲಸ ಮಾಡಿ ಬೆಳಿಗ್ಗೆ ತರಗತಿಗೆ ಬರುವವರ ವಿಷಯದಲ್ಲಿ ಅಷ್ಟೇ ಸಾಕಷ್ಟು ದೊಡ್ಡ ಮಾತು.

ಇನ್ನೂ ಬಗೆಹರಿಯದವು

ಊರು ಊರಿನ ಬೆಲೆಯನ್ನು ಹೋಲಿಸುವ ಅಧಿಕೃತ ಸೂಚ್ಯಂಕವಿಲ್ಲದೆ ಮೇಲಿನ ಯಾವ ವಾದವೂ ಆದೇಶವಾಗಿ ಇಳಿಯಲಾರದು. ಅದನ್ನು ಕಟ್ಟುವುದಾದರೆ ಯಾರ ಬುಟ್ಟಿಯನ್ನು ಅಳೆಯಬೇಕು ಎಂಬುದು ತೆರೆದ ಪ್ರಶ್ನೆ. ಕಾರ್ಖಾನೆ ಕಾರ್ಮಿಕರ ಬುಟ್ಟಿಯಲ್ಲಿ ಪುಸ್ತಕ, ಇಂಟರ್‌ನೆಟ್, ಸಂಶೋಧನಾ ಶುಲ್ಕ ಇರುವುದಿಲ್ಲ. ಬಡತನ ರೇಖೆಯ ಬುಟ್ಟಿಯಲ್ಲಿ ಇನ್ನೂ ಕಡಿಮೆ. ಮೈಸೂರಿನಲ್ಲಿ ವಾಸವಿದ್ದು ದಿನವೂ ಮಂಡ್ಯ ಜಿಲ್ಲೆಯ ಕಾಲೇಜಿಗೆ ಹೋಗಿಬರುವವರಿಗೆ ಯಾವ ಊರಿನ ಬೆಲೆ ಅನ್ವಯಿಸಬೇಕು, ವಾಸದ ಊರಿನದೋ ಕೆಲಸದ ಊರಿನದೋ ಎಂಬುದಕ್ಕೂ ಒಪ್ಪಿತ ಉತ್ತರವಿಲ್ಲ. ಕಾಲೇಜು ಇರುವ ಊರಿನಲ್ಲೇ ಅಧ್ಯಾಪಕರು ನೆಲೆಸಬೇಕು ಎಂದು ಬಯಸುವವರೂ ಕುಟುಂಬದ ಅನುಕೂಲ ಮೊದಲು ಎನ್ನುವವರೂ ಇಲ್ಲಿ ಎದುರುಬದುರಾಗುತ್ತಾರೆ.

ಅನುದಾನರಹಿತ ಕಾಲೇಜುಗಳ ಸಂಬಳ ಯಾವ ದಾಖಲೆಯಲ್ಲೂ ಸ್ಪಷ್ಟವಾಗಿ ಕಾಣದಿರುವುದು ಇನ್ನೊಂದು ಕಗ್ಗಂಟು. ಬೆಂಗಳೂರಿನ ಬಿ.ಕಾಂ., ಬಿಬಿಎ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಓದುವುದು ಅಲ್ಲಿಯೇ. 2024-25ರಿಂದ ಬಿಬಿಎ ಕೋರ್ಸುಗಳು ಎಐಸಿಟಿಇ ವ್ಯಾಪ್ತಿಗೆ ಬಂದಿವೆ. ಆ ಮಂಡಳಿ ಅಧ್ಯಾಪಕರ ಸಂಖ್ಯೆಯನ್ನು ಕೇಳುವಷ್ಟೇ ಬಿಗಿಯಾಗಿ ಅವರಿಗೆ ನಿಜವಾಗಿ ಪಾವತಿಯಾದ ಸಂಬಳವನ್ನೂ ಊರುವಾರು ಪ್ರಕಟಿಸುವಂತೆ ಕೇಳುತ್ತದೆಯೇ ಎಂಬುದು ಕಾದು ನೋಡಬೇಕಾದ ಸಂಗತಿ. ಒಂದೇ ವಿಭಾಗದಲ್ಲಿ ಬಿ.ಕಾಂ. ಯುಜಿಸಿ ಕಣ್ಣಿನಡಿಯಲ್ಲಿ, ಬಿಬಿಎ ಎಐಸಿಟಿಇ ಕಣ್ಣಿನಡಿಯಲ್ಲಿ ಇರುವಾಗ, ಎರಡಕ್ಕೂ ಪಾಠ ಮಾಡುವವರ ಸಂಬಳಕ್ಕೆ ಯಾರು ಹೊಣೆ ಎಂಬುದೂ ಇತ್ಯರ್ಥವಾಗಬೇಕಿದೆ.

ಎಂಟನೆಯ ಕೇಂದ್ರ ವೇತನ ಆಯೋಗದ ಕಾರ್ಯವ್ಯಾಪ್ತಿಗೆ 2025ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕಿತು; ನ್ಯಾಯಮೂರ್ತಿ ರಂಜನಾ ಪ್ರಕಾಶ್ ದೇಸಾಯಿ ಅದರ ಅಧ್ಯಕ್ಷರು. ಹಿಂದಿನ ಆಯೋಗಗಳ ಬೆನ್ನಿಗೇ ಯುಜಿಸಿಯ ವೇತನ ಪರಿಶೀಲನಾ ಸಮಿತಿಗಳು ಬಂದಿದ್ದವು: ರಸ್ತೋಗಿ, ಚಡ್ಡಾ, ಚೌಹಾಣ್ ಸಮಿತಿಗಳು ಹೀಗೆ ಬಂದವೇ. ಮುಂದಿನ ಸಮಿತಿ ಬಾಡಿಗೆ ಭತ್ಯೆಯನ್ನು ಜನಸಂಖ್ಯೆಯಿಂದ ಬಿಡಿಸಿ ಬಾಡಿಗೆಗೆ ಕಟ್ಟುತ್ತದೆಯೇ, ಶ್ರೇಣಿಯ ಹೊರಗಿರುವ ಅತಿಥಿ ಉಪನ್ಯಾಸಕರ ಗೌರವಧನ ಅದರ ವಿಚಾರಣೆಯೊಳಗೆ ಬರುತ್ತದೆಯೇ, ಬಂದರೆ ಅದರ ವೆಚ್ಚದಲ್ಲಿ ಕೇಂದ್ರದ ಪಾಲೆಷ್ಟು, ರಾಜ್ಯದ ಪಾಲೆಷ್ಟು ಎಂಬ ಮೂರೂ ಪ್ರಶ್ನೆಗಳು ಈ ಹೊತ್ತಿಗೆ ಹಾಗೆಯೇ ಉಳಿದಿವೆ.